ಬಕೆಟ್ಟಿನ ಕೆಂಪು

ಮನೆ, ಅಡುಗೆಮನೆಯ ಮೇಜು
ಗುರುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಕುಳ್ಳೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಆ ಗೇಣಗಲದ ಮಂಚದ ಮೇಲೆ ನಿನ್ನಂಥ ಉದ್ದದವಳು ಮುದುಡಿಕೊಂಡು ಮಲಗಿದರೆ ಬೆನ್ನು ಹಿಡಿಯದೆ ಇನ್ನೇನಾಗುತ್ತದೆ ಹೇಳು. ಹೊತ್ತುಹೊತ್ತಿಗೆ ಊಟ ಮಾಡು. ಸಮುದ್ರ ನೋಡುತ್ತಿದ್ದರೆ ಹಸಿವೆಯೇ ಆಗುವುದಿಲ್ಲ ಎಂದೆಲ್ಲ ನನಗೆ ಬರೆಯಬೇಡ, ನಾನು ನಂಬುವವಳಲ್ಲ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಮಗಳನ್ನು ಕುಳ್ಳಿ ಎಂದು ಕರೆಯುವುದು ನಿಮ್ಮಪ್ಪನ ತಲೆಗೆ ಮಾತ್ರ ಹೊಳೆಯುವ ತಮಾಷೆ, ಅದು ನನ್ನ ಬಾಯಿಗೂ ಅಂಟಿಕೊಂಡು ಎಷ್ಟೋ ವರ್ಷವಾಯಿತು. ಹಡಗು ಮುಂದಿನ ವಾರ ಬಂದರಿಗೆ ಬರುತ್ತದೆ, ಪತ್ರ ಅಲ್ಲಿ ನಿನ್ನ ಕೈ ಸೇರುತ್ತದೆ ಎಂದು ನಿಮ್ಮ ಕಚೇರಿಯವರು ಹೇಳಿದರು. ತುರ್ತಿದ್ದರೆ ನಡುಸಮುದ್ರಕ್ಕೂ ಸುದ್ದಿ ಮುಟ್ಟಿಸುತ್ತೇವೆ ಎಂದೂ ಹೇಳಿದರು. ನಿಮ್ಮಪ್ಪ ಬೇಡವೇ ಬೇಡ ಎಂದು ಹಠ ಹಿಡಿದರು. "ಸುದ್ದಿ ಕೇಳಿ ಅವಳೇನು ಈಜಿಕೊಂಡು ಬರ್ತಾಳಾ? ಸಮುದ್ರದ ಆಳ ಅಳೀತಾ ಇದ್ದಾಳೆ, ನೆಮ್ಮದಿಯಾಗಿ ಅಳೀಲಿ ಬಿಡು" ಅಂದರು. ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಎಂದಿನಂತೆ ಗೊಣಗುತ್ತದೆ, ಅದನ್ನು ಕೇಳುವವರು ಯಾರೂ ಇಲ್ಲ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲವಾದ್ದರಿಂದ ನೇರವಾಗಿ ಬರೆಯುತ್ತೇನೆ, ಕೂತುಕೊಂಡು ಓದು. ನಿಮ್ಮಪ್ಪನ ಬಲಗಣ್ಣು ಹೋಯಿತು. ಕೋಣೆಯಲ್ಲಿ ದೀಪ ಹಾಕಿದರೆ ಹಾಕಿದ್ದು ಗೊತ್ತಾಗುತ್ತದೆ, ಅಷ್ಟೇ. ಅದು ಮರಳಿ ಬರುವ ಆಸೆಯನ್ನು ಡಾಕ್ಟರಮ್ಮನೂ ಬಿಟ್ಟಿದ್ದಾರೆ, ನಾನೂ ಬಿಟ್ಟಿದ್ದೇನೆ. ಎಡಗಣ್ಣಾದರೂ ಉಳಿಯುತ್ತದೋ ಇಲ್ಲವೋ ಅನ್ನುವುದೊಂದೇ ಈಗ ಈ ಮನೆಯಲ್ಲಿರುವ ಪ್ರಶ್ನೆ.

ಇದು ಶುರುವಾದದ್ದು ನಮ್ಮ ಬಚ್ಚಲಿನ ಬಕೆಟ್ಟಿನಿಂದ ಎಂದರೆ ನಿನಗೆ ನಗು ಬರಬಹುದು. ಒಂದು ದಿನ ಸ್ನಾನ ಮುಗಿಸಿ ಬಂದವರು, "ಲೇ, ಆ ಕೆಂಪು ಬಕೆಟ್ಟು ಮಾಸಿಹೋಗಿದೆ, ಇಟ್ಟಿಗೆ ಬಣ್ಣಕ್ಕೆ ತಿರುಗಿದೆ" ಅಂದರು. ನಾನು ಹೋಗಿ ನೋಡಿದೆ. ನನ್ನ ಕಣ್ಣಿಗೆ ಕೆಂಪಾಗಿಯೇ ಕಂಡಿತು. ಆದರೆ ಬಣ್ಣದ ವಿಷಯದಲ್ಲಿ ನಿಮ್ಮಪ್ಪ ಹೇಳಿದ ಮೇಲೆ ಈ ಮನೆಯಲ್ಲಿ ಎದುರುಮಾತು ಎಲ್ಲಿದೆ? ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹೊಸದಾಗಿ ಬಣ್ಣ ಹಾಕಿದ ನೂಲಿನ ಲಡಿಯನ್ನೂ ಮಾದರಿಯ ಹಳೆಯ ಲಡಿಯನ್ನೂ ಪಕ್ಕಪಕ್ಕ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಒಮ್ಮೆ ನೋಡಿ "ಹೂಂ" ಅಂದರೆ ಮಾಲು ಹೊರಗೆ, "ಊಹೂಂ" ಅಂದರೆ ಮತ್ತೆ ತೊಟ್ಟಿಗೆ. ಜೀವಮಾನವಿಡೀ ಮಾಡಿದ್ದು ಅದೇ ಕೆಲಸ. ಬಲಗಣ್ಣು ಯಜಮಾನ, ಎಡಗಣ್ಣು ಕೂಲಿಯಾಳು ಎಂದು ಅವರೇ ಹೇಳುತ್ತಿದ್ದರು. ಮನೆಯಲ್ಲೂ ಹಾಗೆಯೇ, ಪರದೆ ಕೊಳ್ಳಲಿ, ತಟ್ಟೆ ಕೊಳ್ಳಲಿ, ಒಂದು ಕಣ್ಣು ಮುಚ್ಚದೆ ಏನನ್ನೂ ನೋಡಿದವರಲ್ಲ. ಹಾಗಾಗಿ ನಾನು ಸುಮ್ಮನೆ ಅಂಗಡಿಗೆ ಹೋಗಿ ಹೊಸ ಕೆಂಪು ಬಕೆಟ್ಟು ತಂದೆ. ಅದನ್ನು ನೋಡಿ "ಇದೂ ಅಷ್ಟಕ್ಕಷ್ಟೆ" ಅಂದರು. ಈಗಿನ ಕಾಲದ ಪ್ಲಾಸ್ಟಿಕ್ಕು ಹೀಗೇ ಎಂದು ಅಂಗಡಿಯವನನ್ನು ಇಬ್ಬರೂ ಸೇರಿ ಬೈದೆವು.

ಕಾರ್ಖಾನೆಯಲ್ಲಿ ಆದದ್ದು ಇದಕ್ಕಿಂತ ಹೆಚ್ಚಿನದು. ಕೆಂಪು ಸಪ್ಪೆ ಬರುತ್ತಿದೆ ಎಂದು ನಿಮ್ಮಪ್ಪ ಮೊದಲು ಬಣ್ಣದ ಪುಡಿ ಕಳಿಸುವವರ ಮೇಲೆ ಹರಿಹಾಯ್ದರು. ಆಮೇಲೆ ಲಡಿ ಇಟ್ಟು ನೋಡುವ ಬೆಳಕಿನ ಪೆಟ್ಟಿಗೆಯ ದೀಪ ಕೆಟ್ಟಿದೆ ಎಂದು ಅದನ್ನು ಬದಲಾಯಿಸಿದರು. ಆಮೇಲೆ ನೀರು ಸರಿಯಿಲ್ಲ ಎಂದರು. ಪುಡಿ ಇನ್ನಷ್ಟು, ಮತ್ತಷ್ಟು ಎಂದು ಸುರಿಸಿ, ತಮ್ಮ ಕಣ್ಣಿಗೆ ಸರಿ ಕಾಣುವವರೆಗೆ ಕೆಂಪು ಮಾಡಿಸಿದರು. ಅವರ ಕೈಕೆಳಗಿನ ಮೇಸ್ತ್ರಿಗೆ ಅದು ಕಣ್ಣು ಕುಕ್ಕುವಷ್ಟು ಕೆಂಪಾಗಿ ಕಂಡಿತಂತೆ. ಪಾಪದ ಮನುಷ್ಯ ಏನು ಮಾಡಿದ ಗೊತ್ತೇ? ನಿಮ್ಮಪ್ಪನಿಗೆ ಸರಿ ಕಂಡದ್ದು ತನಗೆ ತಪ್ಪಾಗಿ ಕಾಣುತ್ತಿದೆಯೆಂದರೆ ತನ್ನ ಕಣ್ಣೇ ಕೆಟ್ಟಿರಬೇಕು ಎಂದುಕೊಂಡು, ಹೋಗಿ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿಕೊಂಡು ಬಂದ! ಕನ್ನಡಕ ಹಾಕಿಕೊಂಡ ಮೇಲೆ ಕೆಂಪು ಇನ್ನೂ ಚೆನ್ನಾಗಿ ಕೆಂಪಾಗಿ ಕಂಡಿತಂತೆ, ಆದರೂ ಬಾಯಿ ಬಿಡಲಿಲ್ಲ. ಇದನ್ನು ಅವನೇ ಆಸ್ಪತ್ರೆಗೆ ಬಂದಾಗ ಹೇಳಿದ. ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ನಗುನಗುತ್ತಲೇ ಅಳಲು ಶುರುಮಾಡಿದ, ನಾನು ಫ್ಲಾಸ್ಕು ತೊಳೆಯುವ ನೆಪ ಹೇಳಿ ಎದ್ದುಹೋದೆ. ಬಕೆಟ್ಟು ಮಾಸುತ್ತದೆ, ದೀಪ ಮಾಸುತ್ತದೆ, ಪುಡಿ ಮಾಸುತ್ತದೆ. ಆ ಕಣ್ಣು ಮಾಸಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡು.

ಕಣ್ಣು ಅತ್ತಿತ್ತ ಹೊರಳಿಸಿದರೆ ಹಿಂದೆ ಯಾರೋ ಹಿಡಿದು ಜಗ್ಗಿದ ಹಾಗೆ ನೋಯುತ್ತದೆ ಎಂದು ಹೇಳಲು ಶುರುಮಾಡಿದ ಮೇಲೆ ನಾನು ಬಿಡಲಿಲ್ಲ. ಎಳೆದುಕೊಂಡೇ ಹೋದೆ. ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಂದು ಕೆಂಪು ಮುಚ್ಚಳವನ್ನು ಒಂದೊಂದು ಕಣ್ಣಿಗೂ ತೋರಿಸಿದರು. ಅದೇ ದಿನ ನರಗಳ ಡಾಕ್ಟರ ಹತ್ತಿರ ಕಳಿಸಿದರು. ಅವರೇ ನಾನು ಹೇಳುತ್ತಿರುವ ಡಾಕ್ಟರಮ್ಮ. ನಿನಗಿಂತ ಸ್ವಲ್ಪ ದೊಡ್ಡವರಿರಬಹುದು, ಸಣ್ಣ ದನಿ, ಸುಳ್ಳು ಹೇಳಲು ಬಾರದ ಮುಖ. "ಅಮ್ಮಾ, ಕಣ್ಣಲ್ಲಿ ಏನೂ ತೊಂದರೆ ಇಲ್ಲ. ಕಣ್ಣಿಂದ ಮೆದುಳಿಗೆ ಹೋಗೋ ನರ ಊದಿಕೊಂಡಿದೆ. ಊದಿದೆ ಅನ್ನೋದು ಲಕ್ಷಣ ನೋಡಿದ್ರೇ ಗೊತ್ತಾಗುತ್ತೆ, ಯಾಕೆ ಊದಿದೆ ಅನ್ನೋದು ಗೊತ್ತಾಗಬೇಕು. ಮುಂದಿಂದೆಲ್ಲಾ ಅದರ ಮೇಲೇ ನಿಂತಿದೆ" ಅಂದರು. ಅದಕ್ಕೇ ಎಂಆರ್‌ಐ ಮಾಡಿಸಬೇಕು, ರಕ್ತವನ್ನೂ ದೂರದ ಲ್ಯಾಬಿಗೆ ಕಳಿಸಬೇಕು, ರಕ್ತದ ಉತ್ತರ ಬರುವುದು ತಡವಾಗುತ್ತದೆ, ಚಿತ್ರ ಮೊದಲು ಮಾತಾಡುತ್ತದೆ ಎಂದು ಹೇಳಿ, ಔಷಧಿಯ ಡ್ರಿಪ್ಪನ್ನು ಮಾತ್ರ ಕಾಯದೆ ಅಂದೇ ಹಾಕಿಸಿದರು.

ಅವರು ಒಂದು ಕಾಗದದ ಮೇಲೆ ಎರಡು ಕಣ್ಣು ಬರೆದು, ಅವುಗಳ ಹಿಂದಿನಿಂದ ಎರಡು ದಾರ ಎಳೆದು, ಆ ದಾರಗಳು ಮೆದುಳಿನ ಕೆಳಗೆ ಒಂದು ಕಡೆ ಕೂಡಿ ದಾಟುವ ಹಾಗೆ ತೋರಿಸಿದರು. ಸಾಮಾನ್ಯವಾಗಿ ಮೂರು ಥರದ ಕಾಯಿಲೆ ಹೀಗೆ ನರ ಊದಿಸುತ್ತದಂತೆ. ಒಂದನೆಯದಾದರೆ ದಾರದ ನಡುವೆ ಒಂದು ಗಿಡ್ಡ ತುಂಡು ಮಾತ್ರ ಚಿತ್ರದಲ್ಲಿ ಹೊಳೆಯುತ್ತದೆ, ಮೆದುಳಿನಲ್ಲೂ ಅಲ್ಲಲ್ಲಿ ಚುಕ್ಕೆ ಇರುತ್ತವೆ. ದೃಷ್ಟಿ ಬಹುಮಟ್ಟಿಗೆ ಮರಳುತ್ತದೆ, ಆದರೆ ಕಾಯಿಲೆ ಜೀವನಪೂರ್ತಿ ಬೇರೆ ಬೇರೆ ಕಡೆ ತಲೆಯೆತ್ತುತ್ತದೆ. ಎರಡನೆಯದಾದರೆ ಕಣ್ಣಿನ ಹತ್ತಿರದ ಕಡೆ ಉದ್ದಕ್ಕೆ ಊದಿ, ನರದ ಮೇಲಿನ ಹೊದಿಕೆಯೂ ಹೊಳೆಯುತ್ತದೆ; ನೋಡಲು ಭಯವಾಗುತ್ತದೆ, ಆದರೆ ಔಷಧಿಗೆ ಬೇಗ ಬಗ್ಗುತ್ತದೆ. ಮೂರನೆಯದು ಹಿಂದಿನ ಕಡೆ ಕೂರುವಂಥದ್ದು, ಉದ್ದವಾಗಿ, ದಾರಗಳು ಕೂಡುವ ಜಾಗದವರೆಗೂ ಹೋಗುವಂಥದ್ದು. ಅದರ ಬಗ್ಗೆ ಡಾಕ್ಟರಮ್ಮ ಹೆಚ್ಚು ಹೇಳಲಿಲ್ಲ. "ಚಿತ್ರ ಒಂದನ್ನೇ ನಂಬೋಕಾಗಲ್ಲ, ಒಂದು ಇನ್ನೊಂದರ ಹಾಗೆ ಕಾಣೋದೂ ಉಂಟು" ಎಂದು ಮಾತ್ರ ಸೇರಿಸಿದರು. ಕಾಯಿಲೆಯನ್ನೂ ಅಂಗಡಿಯಲ್ಲಿ ಸೀರೆ ಆರಿಸಿದಂತೆ ಆರಿಸಿಕೊಳ್ಳುವ ಗತಿ ಬಂತಲ್ಲ ನನಗೆ! ನಾನು ಎರಡನೆಯದಕ್ಕೆ ಗಂಟುಬಿದ್ದೆ. ದೇವರೇ ಎರಡನೆಯದನ್ನು ಕೊಡು, ಹೆಚ್ಚೆಂದರೆ ಒಂದನೆಯದನ್ನು ಕೊಡು ಎಂದು ಆಸ್ಪತ್ರೆಯ ನೆಲಮಹಡಿಯಲ್ಲಿ ಎಂಆರ್‌ಐ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು ಬೇಡಿಕೊಂಡೆ. ಗಂಡನಿಗೆ ರೋಗ ಕೊಡು ಎಂದು ಬೇಡಿಕೊಂಡ ಹೆಂಗಸು ಇನ್ನೊಬ್ಬಳು ಇದ್ದಾಳೋ ಇಲ್ಲವೋ.

ನಿಮ್ಮಪ್ಪ ಮಾತ್ರ ಅಲ್ಲಿ ಹುರುಪಿನಲ್ಲಿದ್ದರು. ಬೆಲ್ಟು, ಗಡಿಯಾರ, ಜೇಬಿನ ಚಿಲ್ಲರೆ ಎಲ್ಲ ನನ್ನ ಮಡಿಲಿಗೆ ಬಂದವು. ಅವರ ಉಗುರುಗಳಿಗೆ ಹಿಡಿದಿರುವ ಕಾರ್ಖಾನೆಯ ನೀಲಿ ನೋಡಿ ಯಂತ್ರ ನಡೆಸುವ ಹುಡುಗಿ "ಇದೇನು, ಪೇಂಟಾ? ತೊಳ್ಕೊಂಡು ಬನ್ನಿ" ಅಂದಳು. "ಇದು ತೊಳೆದ್ರೆ ಹೋಗೋದಲ್ಲಮ್ಮ, ನನ್ನ ಜೊತೇನೇ ಹೋಗೋದು" ಅಂದರು. ಅರ್ಧಕ್ಕೆ ನಿಲ್ಲಿಸಿ ಕೈಯ ನರಕ್ಕೆ ಡೈ ಕೊಡುತ್ತೇವೆ ಎಂದು ಅವಳು ಹೇಳಿದ್ದೇ ತಡ, ಇವರ ಕಿವಿ ನೆಟ್ಟಗಾಯಿತು. ಯಾವ ಬಣ್ಣ ಎಂದು ಕೇಳಿದರು. ಬಣ್ಣವೇನೂ ಇಲ್ಲ, ನೀರಿನಂತೆ ಇರುತ್ತದೆ, ಊತ ಇರುವ ಕಡೆ ಹೋಗಿ ಸೇರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ ಎಂದು ಅವಳು ವಿವರಿಸಿದಳು. "ಬಣ್ಣ ಇಲ್ದೇ ಇರೋ ಡೈ! ಇದನ್ನ ನಮ್ಮ ಮೇಸ್ತ್ರಿಗೆ ಹೇಳಬೇಕು" ಎಂದು ಒಳಗೆ ಹೋದರು. ಬಾಗಿಲು ಮುಚ್ಚಿದ ಮೇಲೂ ತಗಡು ಬಡಿದಂತೆ ಸದ್ದು ಹೊರಗೆ ಕೇಳುತ್ತಿತ್ತು. ಕಣ್ಣು ಆಡಿಸಬಾರದು ಎಂದಿದ್ದರಂತೆ, ಆಡಿಸಲೇ ಇಲ್ಲವಂತೆ. ಇಷ್ಟು ಚೆನ್ನಾಗಿ ಅಲುಗಾಡದೆ ಮಲಗಿದವರು ಅಪರೂಪ ಎಂದು ಆ ಹುಡುಗಿ ಹೊಗಳಿದಳು, ಅದನ್ನು ನನಗೆ ಎರಡು ಸಲ ಹೇಳಿದರು. ಒಳಗೆ ಏನು ಯೋಚನೆ ಮಾಡುತ್ತಿದ್ದಿರಿ ಎಂದರೆ, ನೀನು ಮೊದಲ ಸಲ ಹಡಗು ಹತ್ತುವಾಗ ನಿನ್ನ ಸ್ವೆಟರಿಗೆಂದು ಬಣ್ಣ ಹಾಕಿದ್ದ ಆ ಕೆಂಪು ಉಣ್ಣೆಯನ್ನು ನೆನಪು ಮಾಡಿಕೊಳ್ಳುತ್ತಿದ್ದೆ ಎಂದರು.

ಮಾರನೆಯ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪರದೆಯ ಮೇಲೆ ಚಿತ್ರ ತೆರೆದರು. ಎಲ್ಲ ಕಪ್ಪು, ಬೂದಿ, ಬಿಳಿ. ನಾನಂತೂ ಯಾವುದು ಎಲ್ಲಿದೆ ಎಂದು ತಿಳಿಯದೆ ಅವರ ಮುಖವನ್ನೇ ನೋಡುತ್ತಿದ್ದೆ. ನಿಮ್ಮಪ್ಪ ಕುರ್ಚಿ ಮುಂದೆ ಎಳೆದುಕೊಂಡು, ಕೆಟ್ಟ ಕಣ್ಣು ಮುಚ್ಚಿ, ಎಡಗಣ್ಣಿನಿಂದ ಪರದೆಯನ್ನು ಲಡಿ ನೋಡುವ ಹಾಗೇ ನೋಡಿದರು. ಒಂದು ಕಡೆಯ ನರ ಮಬ್ಬು ಬೂದಿ, ಇನ್ನೊಂದು ಕಡೆಯದು ಉದ್ದಕ್ಕೂ ಬಿಳಿ ಹೊಳೆಯುತ್ತಿತ್ತು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಇವರು ಆ ಬಿಳಿಯದರ ಮೇಲೆ ಬೆರಳಿಟ್ಟು, "ಇದು ನನ್ನ ಒಳ್ಳೇ ಕಣ್ಣಿಂದು ಅಲ್ವಾ? ನೋಡೇ, ಎಷ್ಟು ಶುಭ್ರವಾಗಿದೆ!" ಅಂದರು. ಅವರ ಕಸುಬಿನಲ್ಲಿ ಹಾಗೆಯೇ ಅಲ್ಲವೇ, ಕುಳ್ಳೀ, ಬೂದಿ ಎಂದರೆ ಕೊಳೆ, ಬಿಳಿ ಎಂದರೆ ಚೆನ್ನಾಗಿ ತೊಳೆದು ಬಿಳುಪಾಗಿ ಬಣ್ಣಕ್ಕೆ ತಯಾರಾದ ನೂಲು. ಇವರ ಬೆರಳು ಬಿಳಿಯ ಜೊತೆಯಲ್ಲೇ ಹಿಂದಕ್ಕೆ ಹೋಯಿತು, ಎರಡು ದಾರ ಕೂಡುವ ಜಾಗಕ್ಕೆ ಬಂತು, ಅಲ್ಲಿಂದ ಆಚೆ ಬದಿಯ ನರದ ಬುಡದಲ್ಲೂ ಒಂದಿಷ್ಟು ಬಿಳುಪು ಕಂಡಿತು. "ಇಲ್ನೋಡಿ ಡಾಕ್ಟ್ರೇ, ಆ ಕಡೇದೂ ಬಿಳುಪಾಗೋಕೆ ಶುರುವಾಗಿದೆ. ಔಷಧಿ ಕೆಲಸ ಮಾಡ್ತಾ ಇದೆ!" ಎಂದು ಹಿಗ್ಗಿನಿಂದ ನನ್ನ ಕಡೆ ತಿರುಗಿದರು. ನಾನೂ ನಕ್ಕೆ, ಕುಳ್ಳೀ. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಎದೆ ಹಗುರವಾಯಿತು.

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದು ಇವರ ಪಕ್ಕದಲ್ಲಿ ನಿಂತರು. "ಇಲ್ಲ ಯಜಮಾನ್ರೇ. ಇದರಲ್ಲಿ ಬೂದಿ ಬಣ್ಣ ಇದ್ರೇ ಚೆನ್ನಾಗಿದೆ ಅಂತ. ಬೆಳ್ಳಗಿರೋದು ಊದಿರೋ ಜಾಗ" ಅಂದರು. ಅಷ್ಟೇ ಅಂದದ್ದು. ಇವರ ಬೆರಳು ಇನ್ನೂ ಪರದೆಯ ಮೇಲೇ ಇತ್ತು. ಅದನ್ನು ತೆಗೆಯಲು ಅವರಿಗೆ ತೋಚಲಿಲ್ಲ, ನಾನೇ ಕೈ ಹಿಡಿದು ಇಳಿಸಿದೆ. ಆಮೇಲೆ ಡಾಕ್ಟರಮ್ಮ ಎಲ್ಲ ಹೇಳಿದರು: ಗಿಡ್ಡ ತುಂಡಲ್ಲ, ಕಣ್ಣಿನ ಹತ್ತಿರದ್ದಲ್ಲ, ಹೊದಿಕೆಯದ್ದಲ್ಲ, ಹಿಂದಿನದು, ಉದ್ದನೆಯದು, ಕೂಡುವ ಜಾಗದ್ದು. ಮೂರನೆಯದು. ನಮ್ಮ ನರವನ್ನೇ ಶತ್ರು ಎಂದುಕೊಂಡು ನಮ್ಮ ರಕ್ತವೇ ಅದನ್ನು ಸುಡುವ ಕಾಯಿಲೆಯಂತೆ. ಸುಟ್ಟದ್ದು ಹೆಚ್ಚಾಗಿ ಮರಳುವುದಿಲ್ಲ, ಒಂದು ಕಣ್ಣಿಗೆ ಬಂದದ್ದು ಇನ್ನೊಂದಕ್ಕೂ ಬರಬಹುದು. ಮನೆಗೆ ಬರುವ ದಾರಿಯುದ್ದಕ್ಕೂ ನಿಮ್ಮಪ್ಪ ಒಂದೇ ಮಾತು ಆಡಿದರು. "ಬಿಳೀನ ನಾನು ಯಾವತ್ತೂ ತಪ್ಪು ನೋಡಿರಲಿಲ್ಲ ಕಣೇ" ಅಂದರು.

ಡ್ರಿಪ್ಪು ಮುಗಿಯಿತು. ಆಮೇಲೆ ರಕ್ತದೊಳಗಿನ ನೀರನ್ನು ಯಂತ್ರದಲ್ಲಿ ಬಸಿದು ಹೊಸದನ್ನು ಸೇರಿಸುವುದನ್ನೂ ಮಾಡಿದರು. ಯಾವುದಕ್ಕೂ ಬಲಗಣ್ಣು ಬಗ್ಗಲಿಲ್ಲ. ದೂರದ ಲ್ಯಾಬಿನಿಂದ ರಕ್ತದ ಉತ್ತರವೂ ಬಂತು, ಚಿತ್ರ ಹೇಳಿದ್ದನ್ನೇ ಹೇಳಿತು. ಕಾಯಿಲೆ ಮತ್ತೆ ಮೇಲೆ ಬೀಳದ ಹಾಗೆ ಒಂದು ಔಷಧಿ ಶುರುಮಾಡಿದ್ದಾರೆ, ಅದು ಮೈಯಲ್ಲಿ ಹಿಡಿತಕ್ಕೆ ಬರಲು ಸಮಯ ಬೇಕು. ಅಷ್ಟು ಸಮಯವನ್ನು ಎಡಗಣ್ಣು ಕೊಡುತ್ತದೆಯೇ ಎಂದರೆ ಡಾಕ್ಟರಮ್ಮ ಸುಳ್ಳು ಹೇಳದೆ "ಗೊತ್ತಿಲ್ಲಮ್ಮ" ಅಂದರು. ಎಡಗಣ್ಣಲ್ಲಿ ಮೊದಲು ಹೋಗುವುದೂ ಕೆಂಪೇ ಆಗಬಹುದು, ದಿನಾ ಒಂದೇ ಕೆಂಪು ವಸ್ತುವನ್ನು ನೋಡಿಸಿ, ಸ್ವಲ್ಪ ಮಾಸಿದ ಹಾಗೆ ಕಂಡರೂ ಹೊರಟು ಬಂದುಬಿಡಿ, ತಡವಾದರೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ ಎಂದು ತಾಕೀತು ಮಾಡಿದ್ದಾರೆ. ಕೆಂಪು ವಸ್ತು ಯಾವುದು ಅಂತ ಬೇರೆ ಹೇಳಬೇಕೇ? ನಾನು ತಂದ ಅದೇ ಹೊಸ ಬಕೆಟ್ಟು. ಪ್ರತಿದಿನ ಸ್ನಾನಕ್ಕೆ ಹೋದ ತಕ್ಷಣ ಒಳಗಿನಿಂದಲೇ "ಕೆಂಪು!" ಎಂದು ಕೂಗುತ್ತಾರೆ. ಆ ಕೂಗು ಕೇಳಿದ ಮೇಲೆಯೇ ನಾನು ಒಲೆ ಹಚ್ಚುವುದು.

ಮನೆಯೊಳಗೆ ಓಡಾಡುತ್ತಾರೆ. ಬಲಗಡೆಯ ಬಾಗಿಲ ಚೌಕಟ್ಟಿಗೆ ದಿನಕ್ಕೊಂದು ಸಲವಾದರೂ ಭುಜ ತಾಗಿಸಿಕೊಂಡು, ಚೌಕಟ್ಟನ್ನೇ ಬೈಯುತ್ತಾರೆ. ಟೀ ಬಸಿಯುವಾಗ ಲೋಟದ ಪಕ್ಕಕ್ಕೆ ಸುರಿಯುತ್ತಾರೆ, ನಾನು ಕಂಡೂ ಕಾಣದಂತೆ ಒರೆಸುತ್ತೇನೆ. ಕೂಲಿಯಾಳಿಗೆ ಬಡ್ತಿ ಕೊಟ್ಟಿದ್ದೇನೆ, ಇನ್ನು ಮೇಲೆ ಇವನೇ ಯಜಮಾನ ಎಂದು ಎಡಗಣ್ಣನ್ನು ತೋರಿಸಿ ನಗುತ್ತಾರೆ. ಕಾರ್ಖಾನೆಗೆ ಹೋಗುವ ಮಾತು ಎತ್ತುವುದಿಲ್ಲ. ಮೊನ್ನೆ ಕಪಾಟಿನಿಂದ ನನ್ನ ಹಳೆಯ ಸೀರೆಗಳನ್ನೆಲ್ಲ ತೆಗೆದು ಕಿಟಕಿಯ ಬಳಿ ಕೂತು ಒಂದೊಂದನ್ನೇ ಬಿಡಿಸಿ ನೋಡುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದೆ. ಏನೂ ಇಲ್ಲ, ಸುಮ್ಮನೆ ನೋಡಿಡುತ್ತಿದ್ದೇನೆ ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಲ್ಲರೆದುರು ಗಟ್ಟಿಗಿತ್ತಿಯ ಹಾಗೆ ನಡೆದುಕೊಳ್ಳುತ್ತೇನೆ, ಆದರೆ ನಿನಗೆ ನಿಜ ಹೇಳುತ್ತೇನೆ, ನನಗೆ ಯಾವ ಭರವಸೆಯೂ ಇಲ್ಲ. ಬೆಳಿಗ್ಗೆ ಆ ಕೂಗು ಬರುವವರೆಗೆ ಜೀವ ಕೈಯಲ್ಲಿ ಹಿಡಿದಿರುತ್ತೇನೆ, ಬಂದ ಮೇಲೆ ನಾಳೆಯದಕ್ಕೆ ಹೆದರಲು ಶುರುಮಾಡುತ್ತೇನೆ.

ನೀನು ಗಾಬರಿಯಾಗಿ ಕೆಲಸ ಬಿಟ್ಟು ಓಡಿಬರಬೇಡ, ಇದು ನಿಮ್ಮಪ್ಪನ ಅಪ್ಪಣೆ. ಹಡಗಿನ ಈ ಸುತ್ತು ಮುಗಿಸಿಯೇ ಬಾ ಎಂದಿದ್ದಾರೆ. ಬರುವಾಗ ಆ ಕೆಂಪು ಸ್ವೆಟರು ಹಾಕಿಕೊಂಡು ಬರಬೇಕಂತೆ, ನಿಲ್ದಾಣದ ಜಂಗುಳಿಯಲ್ಲಿ ಎಡಗಣ್ಣಿನಿಂದಲೇ ನಿನ್ನನ್ನು ಗುರುತು ಹಿಡಿದು ತೋರಿಸುತ್ತಾರಂತೆ. ಅಂಥ ಕೆಂಪು ಮತ್ತೆ ಯಾವ ಲಡಿಗೂ ಕೂರಲಿಲ್ಲ ಎಂದು ಈಗಲೂ ಹೇಳುತ್ತಾರೆ. ಅದರ ಮೊಣಕೈ ಹರಿದಿದ್ದರೆ ಹಾಗೇ ತಾ, ನಾನು ಹೊಲಿದುಕೊಡುತ್ತೇನೆ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಮಲಗುವಾಗ ಕಾಲಡಿ ದಿಂಬು ಇಟ್ಟುಕೋ. ನಿನ್ನ ಜೊತೆ ಕೆಲಸ ಮಾಡುವವರನ್ನೆಲ್ಲ ಕೇಳಿದೆನೆಂದು ಹೇಳು. ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿದೆ, ಇನ್ನೇನು ಕೂಗುತ್ತಾರೆ, ಒಲೆ ಹಚ್ಚಬೇಕು. ಎಲ್ಲೇ ಇರು, ತಣ್ಣಗಿರು ಮಗಳೇ. ನಮ್ಮಿಬ್ಬರ ಆಯಸ್ಸೂ ಕಣ್ಣೂ ನಿನಗಿರಲಿ.

ಇಂತಿ ನಿನ್ನ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ. ಕೂಗು ಬರಲಿಲ್ಲ. ನಾನು ಬಚ್ಚಲ ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗಿನಿಂದ, "ಲೇ, ಈ ಬಕೆಟ್ಟೂ ಮಾಸಿಹೋಯ್ತಲ್ಲೇ. ಎಂಥ ಮಾಲು ತರ್ತೀಯ ನೀನು" ಅಂದರು. "ಹೌದು ರೀ, ಮಾಸಿದೆ, ಬೇರೆ ತರ್ತೀನಿ" ಅಂದೆ. ಮತ್ತೇನು ಹೇಳಲಿ? ಬಕೆಟ್ಟು ನಾನು ತಂದ ದಿನ ಇದ್ದ ಹಾಗೇ ಇದೆ, ಕುಳ್ಳೀ. ಆಸ್ಪತ್ರೆಗೆ ಹೊರಟಿದ್ದೇವೆ, ಬಾಗಿಲಲ್ಲಿ ಕಾರು ನಿಂತಿದೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ, ನಿಮ್ಮ ಕಚೇರಿಗೂ ಫೋನು ಮಾಡುತ್ತೇನೆ. ನಿಮ್ಮಪ್ಪನ ಅಪ್ಪಣೆಯೆಲ್ಲ ಬಿಡು. ಬಂದರಿನಲ್ಲಿ ಇಳಿದವಳು ಮತ್ತೆ ಹಡಗು ಹತ್ತಬೇಡ, ನಿನ್ನ ಮುಖ ಇನ್ನೂ ಕಾಣುವಾಗ ಬಂದುಬಿಡು. ಆ ಸ್ವೆಟರು ಹುಡುಕುತ್ತಾ ಕೂರಬೇಡ. ಯಾವ ಬಣ್ಣದ್ದಾದರೂ ಸರಿ, ಹಾಕಿಕೊಂಡು ಬಾ.